ಒಂದು ಕಿರುನಾಡಿನ ಸರ್ಕಾರ

ಮಂಗಳೂರಿನಿಂದ ನೇತ್ರಾವತಿ ನದಿಯನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ ತೊಕ್ಕೊಟ್ಟು ಎಂಬ ಪೇಟೆ ಸಿಗುತ್ತದೆ. ಇದು ಹಲವು ದಾರಿಗಳು ಕೂಡುವ ತಾಣ. ಪಶ್ಚಿಮಕ್ಕೆ ಹೊರಳಿದರೆ ಉಳ್ಳಾಲದ ಕಡಲು. ದಕ್ಷಿಣಕ್ಕೆ ನಡೆದರೆ ತಲಪಾಡಿ, ಅದರಾಚೆಗೆ ಕಾಸರಗೋಡು. ಪೂರ್ವಕ್ಕೆ ದೇರಳಕಟ್ಟೆ, ಕೊಣಾಜೆ, ಮುಡಿಪುಗಳ ಹಾದಿ. ಪೂರ್ವದಿಕ್ಕಿನಲ್ಲಿ ಇನ್ನೂ ಮುಂದುವರಿದು, ಪುತ್ತೂರು ಸುಳ್ಯಗಳನ್ನು ಹಾದು, ಸಂಪಾಜೆಯ ಘಟ್ಟವನ್ನು ಏರಿದರೆ ಕೊಡಗು ಎದುರಾಗುತ್ತದೆ. ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳಗಳನ್ನಾಡುವ ಜನರು ಬಹುಕಾಲದಿಂದ ಈ ದಾರಿಗಳಲ್ಲಿ ಓಡಾಡುತ್ತ ಬಂದಿದ್ದಾರೆ.

ಇಂದು ತಲಪಾಡಿಯಲ್ಲಿ ಕರ್ನಾಟಕ ಮುಗಿದು ಕೇರಳವು ಮೊದಲಾಗುತ್ತದೆ. ಸಂಪಾಜೆಯಲ್ಲಿ ಜಿಲ್ಲೆ ಬದಲಾಗುತ್ತದೆಯೇ ಹೊರತು ರಾಜ್ಯ ಬದಲಾಗುವುದಿಲ್ಲ. 1952ರಲ್ಲಿ ಹೀಗಿರಲಿಲ್ಲ. ಆಗ ತೊಕ್ಕೊಟ್ಟು ಮತ್ತು ಕಾಸರಗೋಡು ಎರಡೂ ಮದರಾಸು ರಾಜ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗಗಳಾಗಿದ್ದವು. ಇಂದು ಗಡಿಯಿರುವ ತಲಪಾಡಿಯಲ್ಲಿ ಅಂದು ರಾಜ್ಯದ ಗಡಿ ಇರಲಿಲ್ಲ. ಇಂದು ರಾಜ್ಯದ ಗಡಿಯಿಲ್ಲದ ಸಂಪಾಜೆಯಲ್ಲಿ ಅಂದು ಗಡಿ ಇತ್ತು. ಆ ಗಡಿಯ ಆಚೆಗೆ ಕೊಡಗು ತಾನೇ ಒಂದು ರಾಜ್ಯವಾಗಿತ್ತು. ಅದಕ್ಕೆ ಅದರದೇ ವಿಧಾನಸಭೆ, ಅದರದೇ ಮುಖ್ಯಮಂತ್ರಿ ಇದ್ದರು. ಆದರೂ ಅದು ಪೂರ್ಣಾಧಿಕಾರವುಳ್ಳ ರಾಜ್ಯವಾಗಿರಲಿಲ್ಲ. ಅದರ ಸರ್ಕಾರದ ಒಂದು ಕೀಲಿಕೈ ಮಡಿಕೇರಿಯಲ್ಲಿದ್ದರೆ ಇನ್ನೊಂದು ದೆಹಲಿಯಲ್ಲಿತ್ತು. ಇಂತಹ ಅರೆ ಸ್ವಾಯತ್ತ ನಾಡಿನ ಆಡಳಿತವು ಹೇಗೆ ನಡೆಯುತ್ತಿತ್ತು, ಅದರ ಗುಣದೋಷಗಳೇನು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಎರಡು ಅಂಗಗಳು

ಯಾವುದೇ ಸರ್ಕಾರವು ಮಾಡಬೇಕಾದ ಕೆಲಸಗಳಲ್ಲಿ ಎರಡು ಮುಖ್ಯವಾದವು. ಕಾನೂನುಗಳನ್ನು ರಚಿಸುವುದು ಒಂದು. ಅವುಗಳನ್ನು ಜಾರಿಗೆ ತಂದು ಆಡಳಿತವನ್ನು ನಡೆಸುವುದು ಇನ್ನೊಂದು. ಮೊದಲನೆಯ ಕೆಲಸವನ್ನು ಮಾಡುವ ಸಭೆಗೆ ಶಾಸಕಾಂಗವೆಂದೂ ಎರಡನೆಯದನ್ನು ನಿರ್ವಹಿಸುವ ಮಂಡಲಿಗೆ ಕಾರ್ಯಾಂಗವೆಂದೂ ಹೆಸರು. ಜನರು ಶಾಸಕಾಂಗವನ್ನು ಚುನಾಯಿಸುತ್ತಾರೆ. ಶಾಸಕಾಂಗದ ವಿಶ್ವಾಸವಿರುವವರೆಗೆ ಮಾತ್ರ ಕಾರ್ಯಾಂಗವು ಅಧಿಕಾರದಲ್ಲಿ ಉಳಿಯುತ್ತದೆ. ಹೀಗೆ ಜನರಿಂದ ಸಭೆಗೆ, ಸಭೆಯಿಂದ ಮಂತ್ರಿಗಳಿಗೆ ಹೊಣೆಯ ಸರಪಳಿಯೊಂದು ಹಬ್ಬಿರುತ್ತದೆ. ಇದಕ್ಕೆ ಜವಾಬ್ದಾರಿ ಸರ್ಕಾರ ಎನ್ನುತ್ತಾರೆ.

ಆದರೆ ಈ ಸರಪಳಿಯ ಒಂದು ಕೊಂಡಿಯು ಹೊರಗಿನವರ ಕೈಯಲ್ಲಿದ್ದರೆ ಏನಾಗುತ್ತದೆ? ಸಭೆ ಜನರದಾಗಿದ್ದು, ಕಡೆಯ ಮಾತು ಬೇರೊಬ್ಬರದಾಗಿದ್ದರೆ ಆ ಸರ್ಕಾರವನ್ನು ಏನೆಂದು ಕರೆಯಬೇಕು? ಕೊಡಗಿನ ಇತಿಹಾಸವು ಈ ಪ್ರಶ್ನೆಗೆ ಒಳ್ಳೆಯ ನಿದರ್ಶನವಾಗಿದೆ.

ಅರಸರಿಂದ ಚೀಫ್ ಕಮಿಷನರರವರೆಗೆ

ಕೊಡಗನ್ನು ಹಾಲೇರಿ ವಂಶದ ಅರಸರು ಆಳುತ್ತಿದ್ದರು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ನಾಡನ್ನು ವಶಪಡಿಸಿಕೊಂಡಿತು. ಕೊಡಗಿನ ಅರಸರ ಕೈಯಲ್ಲಿದ್ದ ಅಮರಸುಳ್ಯ ಮುಂತಾದ ಘಟ್ಟದ ಕೆಳಗಿನ ಸೀಮೆಗಳನ್ನು ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿತು. ಮೊದಲು ಧಾನ್ಯರೂಪದಲ್ಲಿ ಕಂದಾಯವನ್ನು ಸಲ್ಲಿಸುತ್ತಿದ್ದ ಅಲ್ಲಿನ ರೈತರು ಇನ್ನು ಮುಂದೆ ಹಣವನ್ನೇ ಕಟ್ಟಬೇಕಾಯಿತು. ಈ ಅಸಮಾಧಾನವು 1837ರ ದಂಗೆಗೆ ಒಂದು ಕಾರಣವಾಯಿತು. ಸುಳ್ಯದ ಕಡೆಯಿಂದ ಹೊರಟ ದಂಗೆಕಾರರು ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನು ತಲುಪಿ ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವನ್ನೇರಿಸಿದರು. ಕೆಲವು ದಿನಗಳಲ್ಲಿಯೇ ಕಂಪನಿಯ ಸೈನ್ಯವು ದಂಗೆಯನ್ನು ಅಡಗಿಸಿತು. ಆಡಳಿತದ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಬರಿಯ ಭೂಪಟದ ವಿಷಯವಲ್ಲ, ಅದು ರೈತನ ಅಂಗಳದವರೆಗೂ ಬರುವ ಸಂಗತಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಘಟ್ಟದ ಮೇಲಿನ ಕೊಡಗು ಮದರಾಸು ಪ್ರಾಂತಕ್ಕೆ ಸೇರಲಿಲ್ಲ. ಪ್ರತ್ಯೇಕ ಘಟಕವಾಗಿಯೇ ಉಳಿಯಿತು. 1881ರವರೆಗೆ ಮೈಸೂರಿನ ಕಮಿಷನರೇ ಕೊಡಗಿಗೂ ಮೇಲಧಿಕಾರಿಯಾಗಿದ್ದರು. ಆ ವರ್ಷ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದ ಮೇಲೆ, ಬೆಂಗಳೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟರು ಕೊಡಗಿನ ಚೀಫ್ ಕಮಿಷನರರೂ ಆದರು. ಮಡಿಕೇರಿಯಲ್ಲಿ ಅವರ ಕೈಕೆಳಗೆ ಒಬ್ಬ ಕಮಿಷನರು ದಿನದಿನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದರು. ಕಾರ್ಯಾಂಗವೆಂದರೆ ಈ ಅಧಿಕಾರಿಗಳೇ. ಶಾಸಕಾಂಗವೆಂಬುದು ಇರಲೇ ಇಲ್ಲ.

1924ರಲ್ಲಿ ಕೊಡಗಿಗೆ ಒಂದು ಶಾಸನ ಪರಿಷತ್ತು ದೊರೆಯಿತು. ಅದರಲ್ಲಿ 20 ಸದಸ್ಯರಿದ್ದರು. 15 ಮಂದಿ ಚುನಾಯಿತರು, 5 ಮಂದಿ ಸರ್ಕಾರದಿಂದ ನಾಮಕರಣಗೊಂಡವರು. ಚುನಾಯಿತರ ಸಂಖ್ಯೆಯೇ ಹೆಚ್ಚಾಗಿದ್ದುದು ಗಮನಿಸಬೇಕಾದ ಸಂಗತಿ. ಆದರೆ ಮತದಾನದ ಹಕ್ಕು ಎಲ್ಲರಿಗೂ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಪರಿಷತ್ತಿನ ಬಹುಮತವು ಚೀಫ್ ಕಮಿಷನರರನ್ನು ಅಧಿಕಾರದಿಂದ ಇಳಿಸುವಂತಿರಲಿಲ್ಲ. ಸದಸ್ಯರು ಪ್ರಶ್ನೆ ಕೇಳಬಹುದಾಗಿತ್ತು, ಗೊತ್ತುವಳಿ ತರಬಹುದಾಗಿತ್ತು. ಆಳುವವರು ಮಾತ್ರ ಅವರಿಗೆ ಹೊಣೆಯಾಗಿರಲಿಲ್ಲ. ಶಾಸಕಾಂಗವು ಹುಟ್ಟಿತಾದರೂ ಕಾರ್ಯಾಂಗವು ಅದರ ಹಿಡಿತಕ್ಕೆ ಬರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1947ರಲ್ಲಿ ಕೇಟೋಳಿರ ಚೆಂಗಪ್ಪನವರು ಚೀಫ್ ಕಮಿಷನರರಾದರು. ಕೊಡಗಿನವರೇ ಒಬ್ಬರು ಆ ಸ್ಥಾನಕ್ಕೆ ಬಂದುದು ಅದೇ ಮೊದಲು.

‘ಸಿ’ ವರ್ಗದ ರಾಜ್ಯ

1950ರ ಜನವರಿ 26ರಂದು ಭಾರತದ ಸಂವಿಧಾನವು ಜಾರಿಗೆ ಬಂದಾಗ ರಾಜ್ಯಗಳನ್ನು ವರ್ಗಗಳಾಗಿ ವಿಂಗಡಿಸಲಾಗಿತ್ತು. ಹಿಂದಿನ ಗವರ್ನರರ ಪ್ರಾಂತಗಳು ‘ಎ’ ವರ್ಗದ ರಾಜ್ಯಗಳಾದವು. ಮದರಾಸು, ಮುಂಬಯಿಗಳು ಇಂಥವು. ಮೈಸೂರು, ಹೈದರಾಬಾದುಗಳಂತಹ ಹಿಂದಿನ ಸಂಸ್ಥಾನಗಳು ‘ಬಿ’ ವರ್ಗದ ರಾಜ್ಯಗಳಾದವು, ಅವುಗಳಿಗೆ ರಾಜಪ್ರಮುಖರಿದ್ದರು. ಚೀಫ್ ಕಮಿಷನರರ ಪ್ರಾಂತಗಳೂ ಕೆಲವು ಚಿಕ್ಕ ಸಂಸ್ಥಾನಗಳೂ ‘ಸಿ’ ವರ್ಗಕ್ಕೆ ಸೇರಿದವು. ಕನ್ನಡಿಗರು ಈ ಮೂರು ವರ್ಗಗಳಲ್ಲಿಯೂ ಹಂಚಿಹೋಗಿದ್ದರು: ಮಂಗಳೂರು ಮತ್ತು ಬಳ್ಳಾರಿಯವರು ಮದರಾಸಿನಲ್ಲಿ, ಧಾರವಾಡ ಮತ್ತು ಕಾರವಾರದವರು ಮುಂಬಯಿಯಲ್ಲಿ, ಕಲಬುರ್ಗಿಯವರು ಹೈದರಾಬಾದಿನಲ್ಲಿ, ಮಡಿಕೇರಿಯವರು ಕೊಡಗು ರಾಜ್ಯದಲ್ಲಿ.

‘ಸಿ’ ವರ್ಗದ ರಾಜ್ಯವನ್ನು ರಾಷ್ಟ್ರಪತಿಗಳು ಚೀಫ್ ಕಮಿಷನರ್ ಅಥವಾ ಉಪರಾಜ್ಯಪಾಲರ ಮೂಲಕ ಆಳಬೇಕೆಂದು ಸಂವಿಧಾನವು ವಿಧಿಸಿತ್ತು. ಅಲ್ಲಿಗೆ ಶಾಸಕಾಂಗವನ್ನು ಕೊಡುವುದು ಬಿಡುವುದು ಸಂಸತ್ತಿಗೆ ಸೇರಿದ ವಿಷಯವಾಗಿತ್ತು. 1951ರಲ್ಲಿ ಸಂಸತ್ತು ಒಂದು ಕಾಯಿದೆಯನ್ನು ಮಾಡಿ ಅಜ್ಮೀರ, ಭೋಪಾಲ, ಕೊಡಗು, ದೆಹಲಿ, ಹಿಮಾಚಲ ಪ್ರದೇಶ, ವಿಂಧ್ಯಪ್ರದೇಶ ಎಂಬ ಆರು ರಾಜ್ಯಗಳಿಗೆ ವಿಧಾನಸಭೆಯನ್ನು ಕೊಟ್ಟಿತು. ಇವುಗಳಲ್ಲಿ ಅತ್ಯಂತ ಚಿಕ್ಕ ಸಭೆ ಕೊಡಗಿನದು.

ಶಾಸಕಾಂಗದ ರಚನೆ

ಕೊಡಗಿನ ವಿಧಾನಸಭೆಯಲ್ಲಿ 24 ಸ್ಥಾನಗಳಿದ್ದವು. 21 ವರ್ಷ ತುಂಬಿದ ಎಲ್ಲ ಸ್ತ್ರೀಪುರುಷರಿಗೂ ಮತದಾನದ ಹಕ್ಕಿತ್ತು. ಸಭೆಯ ಅವಧಿ ಐದು ವರ್ಷ. ಸದಸ್ಯರು ತಮ್ಮಲ್ಲಿಯೇ ಒಬ್ಬರನ್ನು ಸಭಾಧ್ಯಕ್ಷರನ್ನಾಗಿ ಆರಿಸಿಕೊಳ್ಳುತ್ತಿದ್ದರು. ರಾಜ್ಯಪಟ್ಟಿ ಮತ್ತು ಸಮವರ್ತಿಪಟ್ಟಿಯ ವಿಷಯಗಳ ಮೇಲೆ ಕಾನೂನು ಮಾಡುವ ಅಧಿಕಾರ ಸಭೆಗಿತ್ತು. ಆಯವ್ಯಯವು ಅದರ ಮುಂದೆ ಬಂದು ಅನುಮೋದನೆ ಪಡೆಯಬೇಕಾಗಿತ್ತು. ಲೋಕಸಭೆಯಲ್ಲಿ ಕೊಡಗಿಗೆ ಒಂದು ಸ್ಥಾನವಿತ್ತು. ರಾಜ್ಯಸಭೆಯಲ್ಲಿ ಪೂರ್ತಿ ಒಂದು ಸ್ಥಾನವೂ ಇರಲಿಲ್ಲ. ದೂರದ ಅಜ್ಮೀರಕ್ಕೂ ಕೊಡಗಿಗೂ ಸೇರಿ ಒಂದೇ ಸ್ಥಾನವನ್ನು ಮೀಸಲಿಡಲಾಗಿತ್ತು.

ಚಿಕ್ಕ ರಾಜ್ಯವೆಂಬುದಕ್ಕೆ ಒಂದು ಅನುಕೂಲವಿತ್ತು. 1951ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಸುಮಾರು 2,29,000. ಅದನ್ನು 24ರಿಂದ ಭಾಗಿಸಿದರೆ ಸುಮಾರು 9,500 ಜನರಿಗೆ ಒಬ್ಬ ಶಾಸಕರಂತಾಯಿತು. ಅದೇ ಕಾಲಕ್ಕೆ ಮದರಾಸು ರಾಜ್ಯದ ಜನಸಂಖ್ಯೆ ಸುಮಾರು 5 ಕೋಟಿ 70 ಲಕ್ಷ. ವಿಧಾನಸಭೆಯ ಸ್ಥಾನಗಳು 375. ಅಲ್ಲಿ ಒಂದೂವರೆ ಲಕ್ಷ ಜನರಿಗೆ ಒಬ್ಬ ಶಾಸಕರು. ಸಂಪಾಜೆಯ ಗಡಿಯ ಕೆಳಗಿನ ಮತದಾರನೊಬ್ಬನಿಗೆ ತನ್ನ ಸರ್ಕಾರವು ಪೂರ್ವಸಮುದ್ರದ ದಡದಲ್ಲಿತ್ತು; ಅದು ನಡೆಸುವ ಚರ್ಚೆಯ ಭಾಷೆಯೂ ಅವನದಾಗಿರಲಿಲ್ಲ. ಗಡಿಯ ಮೇಲಿನ ಮತದಾರನಿಗೆ ಸರ್ಕಾರವು ಮಡಿಕೇರಿಯಲ್ಲಿತ್ತು. ಬೆಳಿಗ್ಗೆ ಹೊರಟರೆ ಸಂಜೆಗೆ ಮಂತ್ರಿಯನ್ನು ಕಂಡು ಮನೆಗೆ ಮರಳಬಹುದಾಗಿತ್ತು.

ಕಾರ್ಯಾಂಗದ ರಚನೆ

1952ರ ಮೊದಲ ಮಹಾಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಕೊಡಗಿನ 15 ಸ್ಥಾನಗಳನ್ನು ಗೆದ್ದಿತು. ಉಳಿದ 9 ಸ್ಥಾನಗಳು ಪಕ್ಷೇತರರ ಪಾಲಾದವು. ಚೆಪ್ಪುಡಿರ ಮುತ್ತಣ್ಣ ಪೂಣಚ್ಚನವರು 1952ರ ಮಾರ್ಚ್ 27ರಂದು ಮುಖ್ಯಮಂತ್ರಿಯಾದರು. ಅವರು ಸಂವಿಧಾನ ರಚನಾಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದ್ದವರು. ಅವರ ಸಂಪುಟದಲ್ಲಿದ್ದ ಇನ್ನೊಬ್ಬ ಮಂತ್ರಿ ಕೆ. ಮಲ್ಲಪ್ಪನವರು. ಇಬ್ಬರೇ ಮಂತ್ರಿಗಳ ಸರ್ಕಾರವದು! ಚೀಫ್ ಕಮಿಷನರರಾಗಿ ದಯಾಸಿಂಗ್ ಬೇಡಿಯವರಿದ್ದರು.

ಮೇಲುನೋಟಕ್ಕೆ ಇದು ಇತರ ರಾಜ್ಯಗಳ ಸರ್ಕಾರದಂತೆಯೇ ಕಾಣುತ್ತಿತ್ತು. ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿತ್ತು. ಆದರೆ ಒಳಹೊಕ್ಕು ನೋಡಿದರೆ ಕೆಲವು ವ್ಯತ್ಯಾಸಗಳು ಕಾಣಿಸುತ್ತವೆ.

ಮೊದಲನೆಯದಾಗಿ, ‘ಎ’ ವರ್ಗದ ರಾಜ್ಯದಲ್ಲಿ ಮುಖ್ಯಮಂತ್ರಿಯನ್ನು ನೇಮಿಸುವವರು ರಾಜ್ಯಪಾಲರು. ‘ಸಿ’ ವರ್ಗದ ರಾಜ್ಯದಲ್ಲಿ ರಾಷ್ಟ್ರಪತಿಗಳು. ಎರಡನೆಯದಾಗಿ, ರಾಜ್ಯಪಾಲರು ಮಂತ್ರಿಮಂಡಲದ ಸಭೆಯಲ್ಲಿ ಕುಳಿತುಕೊಳ್ಳುವುದಿಲ್ಲ. ಚೀಫ್ ಕಮಿಷನರರಾದರೋ ಆ ಸಭೆಗೆ ಬಂದಾಗ ತಾವೇ ಅಧ್ಯಕ್ಷತೆಯನ್ನು ವಹಿಸುತ್ತಿದ್ದರು. ಮೂರನೆಯದಾಗಿ, ಅವರಿಗೂ ಮಂತ್ರಿಗಳಿಗೂ ಅಭಿಪ್ರಾಯಭೇದ ಬಂದರೆ ವಿಷಯವು ರಾಷ್ಟ್ರಪತಿಗಳ ಬಳಿಗೆ ಹೋಗುತ್ತಿತ್ತು. ಅಲ್ಲಿಂದ ಬಂದ ತೀರ್ಮಾನವೇ ಕಡೆಯದು. ರಾಷ್ಟ್ರಪತಿಗಳು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ನಡೆಯುವುದರಿಂದ, ಮಡಿಕೇರಿಯ ವಿವಾದವನ್ನು ಬಗೆಹರಿಸುವವರು ವಾಸ್ತವದಲ್ಲಿ ದೆಹಲಿಯ ಮಂತ್ರಿಗಳು ಎಂದಂತಾಯಿತು.

ಒಂದು ಮಸೂದೆಯ ಪಯಣ

ಈ ವ್ಯವಸ್ಥೆಯನ್ನು ಸ್ಪಷ್ಟವಾಗಿ ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹಳ್ಳಿಯ ಕೆರೆಗಳ ದುರಸ್ತಿಗೆ ಸಂಬಂಧಿಸಿದ ಮಸೂದೆಯೊಂದನ್ನು ಕೊಡಗಿನ ಮಂತ್ರಿಯೊಬ್ಬರು ಸಿದ್ಧಪಡಿಸಿದರು ಎಂದಿಟ್ಟುಕೊಳ್ಳೋಣ. ಮಂತ್ರಿಮಂಡಲವು ಅದನ್ನು ಒಪ್ಪುತ್ತದೆ. ವಿಧಾನಸಭೆಯಲ್ಲಿ ಅದರ ಮಂಡನೆಯಾಗಿ, ಚರ್ಚೆಯಾಗಿ, ತಿದ್ದುಪಡಿಗಳಾಗಿ, ಬಹುಮತದಿಂದ ಅಂಗೀಕಾರವಾಗುತ್ತದೆ. ಅನಂತರ ಅದು ಚೀಫ್ ಕಮಿಷನರರ ಮುಂದೆ ಬರುತ್ತದೆ. ಮದರಾಸಿನಲ್ಲಾಗಿದ್ದರೆ ಸಾಮಾನ್ಯವಾಗಿ ರಾಜ್ಯಪಾಲರು ಅಂಕಿತ ಹಾಕಿದೊಡನೆ ಮಸೂದೆಯು ಕಾನೂನಾಗುತ್ತಿತ್ತು. ಕೊಡಗಿನಲ್ಲಿ ಹಾಗಲ್ಲ. ಚೀಫ್ ಕಮಿಷನರರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗಾಗಿ ಕಾದಿರಿಸಬೇಕಾಗಿತ್ತು. ಮಸೂದೆಯು ದೆಹಲಿಗೆ ಹೋಗಿ, ಅಲ್ಲಿ ಅಂಕಿತ ಪಡೆದು, ಮರಳಿ ಬಂದ ಮೇಲಷ್ಟೇ ಕೊಡಗಿನ ಕೆರೆಯ ಹೂಳನ್ನು ತೆಗೆಯಲು ಕಾನೂನಿನ ಬಲ ಬರುತ್ತಿತ್ತು. ಇಷ್ಟಾದ ಮೇಲೂ ರಾಜ್ಯಪಟ್ಟಿಯ ಅದೇ ವಿಷಯದ ಮೇಲೆ ಸಂಸತ್ತು ತಾನೇ ಕಾನೂನು ಮಾಡಬಹುದಾಗಿತ್ತು. ಎರಡಕ್ಕೂ ವಿರೋಧ ಬಂದರೆ ಸಂಸತ್ತಿನ ಕಾನೂನೇ ಮೇಲಾಗುತ್ತಿತ್ತು.

ಜನರು ಚುನಾಯಿಸಿದ ಸಭೆಯಿದೆ. ಅದಕ್ಕೆ ಹೊಣೆಯಾದ ಮಂತ್ರಿಗಳಿದ್ದಾರೆ. ಆದರೆ ಹೊಣೆಗೆ ತಕ್ಕ ಅಧಿಕಾರವು ಪೂರ್ತಿಯಾಗಿ ಅವರ ಕೈಯಲ್ಲಿಲ್ಲ. ಅರೆ ಸ್ವಾಯತ್ತತೆ ಎಂದರೆ ಇದೇ.

ಉಳಿಯಬೇಕೆ, ಸೇರಬೇಕೆ?

ಈ ಅರೆ ಅಧಿಕಾರದ ರಾಜ್ಯವು ಮುಂದೆ ಏನಾಗಬೇಕೆಂಬುದರ ಬಗ್ಗೆ ಕೊಡಗಿನ ಜನರಲ್ಲಿ ತೀವ್ರವಾದ ಭಿನ್ನಾಭಿಪ್ರಾಯವಿತ್ತು. 1952ರ ಚುನಾವಣೆಯ ಮುಖ್ಯ ವಿಷಯವೂ ಅದೇ ಆಗಿತ್ತು. ಮೈಸೂರಿನೊಡನೆ ವಿಲೀನವಾಗಬೇಕೆಂಬುದು ಕಾಂಗ್ರೆಸ್ಸಿನ ನಿಲುವು. ಪಂದ್ಯಂಡ ಬೆಳ್ಯಪ್ಪನವರ ಮುಂದಾಳುತನದ ಗುಂಪು ಕೊಡಗು ಪ್ರತ್ಯೇಕವಾಗಿಯೇ ಉಳಿಯಬೇಕೆಂದು ವಾದಿಸಿತು. ಅದಕ್ಕೆ ತಕ್ಕಡಿ ಪಕ್ಷವೆಂದು ಹೆಸರಾಯಿತು.

ಎರಡೂ ಕಡೆಯ ಮಾತಿನಲ್ಲಿ ಹುರುಳಿತ್ತು. ಪ್ರತ್ಯೇಕತೆಯನ್ನು ಬಯಸಿದವರ ಮುಂದೆ ಸ್ಪಷ್ಟವಾದ ಲೆಕ್ಕವೊಂದಿತ್ತು. ನಮ್ಮ ತೆರಿಗೆಯ ಹಣ ನಮ್ಮ ರಸ್ತೆಗೆ, ನಮ್ಮ ಶಾಲೆಗೆ ವಿನಿಯೋಗವಾಗುತ್ತಿದೆ; ದೊಡ್ಡ ರಾಜ್ಯದಲ್ಲಿ ನಾವು ಒಂದು ಮೂಲೆಯ ಜಿಲ್ಲೆಯಾಗುತ್ತೇವೆ; 24 ಮಂದಿಯ ಸಭೆಯಲ್ಲಿ ಕೇಳಿಸುವ ನಮ್ಮ ದನಿ ನೂರಾರು ಮಂದಿಯ ಸಭೆಯಲ್ಲಿ ಕೇಳಿಸೀತೆ? ಕೊಡವರ ಭಾಷೆ, ಉಡುಪು, ಭೂಮಿಯ ಪದ್ಧತಿ ಇವೆಲ್ಲ ಬೇರೆಯೇ ಆಗಿರುವುದನ್ನು ದೂರದ ರಾಜಧಾನಿಯವರು ಅರಿಯುವರೆ?

ವಿಲೀನವನ್ನು ಬಯಸಿದವರಿಗೂ ಲೆಕ್ಕವಿತ್ತು. ಎರಡೂಕಾಲು ಲಕ್ಷ ಜನರ ರಾಜ್ಯವು ದೊಡ್ಡ ಯೋಜನೆಗಳ ಭಾರವನ್ನು ಹೊರುವುದು ಕಷ್ಟ. ಇಂದಿನ ಸ್ವಾಯತ್ತತೆಯಾದರೂ ಪೂರ್ಣವಾದುದಲ್ಲ. ಕಡೆಯ ಮಾತು ದೆಹಲಿಯದು. ಪೂರ್ಣಾಧಿಕಾರವುಳ್ಳ ದೊಡ್ಡ ರಾಜ್ಯದ ಭಾಗವಾದರೆ ನಾವು ಚುನಾಯಿಸಿದ ಸರ್ಕಾರದ ಕಾನೂನಿಗೆ ಪ್ರತಿಸಲವೂ ದೆಹಲಿಯ ಅಂಕಿತ ಬೇಕಾಗುವುದಿಲ್ಲ. ಕಾವೇರಿ ಹರಿಯುವ ದಿಕ್ಕಿಗೇ ನಮ್ಮ ವ್ಯವಹಾರವೂ ಹರಿಯುತ್ತಿದೆ.

ಒಂದು ಕಡೆ ಹತ್ತಿರದ, ಆದರೆ ಅರೆ ಅಧಿಕಾರದ ಸರ್ಕಾರ. ಇನ್ನೊಂದು ಕಡೆ ಪೂರ್ಣಾಧಿಕಾರದ, ಆದರೆ ದೂರದ ಸರ್ಕಾರ. ಆಯ್ಕೆ ಸುಲಭವಾಗಿರಲಿಲ್ಲ.

1953ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅವರು ಅದರ ಸದಸ್ಯರು. 1955ರಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗವು ಎ, ಬಿ, ಸಿ ಎಂಬ ವರ್ಗಭೇದವನ್ನೇ ತೊಡೆದುಹಾಕಬೇಕೆಂದೂ ಕೊಡಗನ್ನು ಕನ್ನಡಿಗರ ಹೊಸ ರಾಜ್ಯದಲ್ಲಿ ಸೇರಿಸಬೇಕೆಂದೂ ಸೂಚಿಸಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿತು. ಕೊಡಗಿನ ವಿಧಾನಸಭೆಯೂ ಮಂತ್ರಿಮಂಡಲವೂ ಕೊನೆಗೊಂಡವು. ಕೊಡಗು ಒಂದು ಜಿಲ್ಲೆಯಾಯಿತು. ಅದೇ ದಿನ ತೊಕ್ಕೊಟ್ಟು ಮದರಾಸಿನಿಂದ ಮೈಸೂರಿಗೆ ಬಂದಿತು. ತಲಪಾಡಿಯಾಚೆಯ ಕಾಸರಗೋಡು ಕೇರಳಕ್ಕೆ ಹೋಯಿತು. ಸಂಪಾಜೆಯಲ್ಲಿ ಅಳಿಸಿದ ಗೆರೆ ತಲಪಾಡಿಯಲ್ಲಿ ಮೂಡಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು.

ಇಂದು ಕರ್ನಾಟಕದ ವಿಧಾನಸಭೆಯ 224 ಸ್ಥಾನಗಳಲ್ಲಿ ಕೊಡಗು ಜಿಲ್ಲೆಗೆ ಇರುವವು ಎರಡು: ಮಡಿಕೇರಿ ಮತ್ತು ವಿರಾಜಪೇಟೆ. ತಕ್ಕಡಿ ಪಕ್ಷದವರ ಆತಂಕಕ್ಕೆ ಆಧಾರವಿರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಆ ಇಬ್ಬರು ಶಾಸಕರು ಕುಳಿತ ಸಭೆಯ ಅಧಿಕಾರವು ಅಂದಿನ 24 ಮಂದಿಯ ಸಭೆಯ ಅಧಿಕಾರಕ್ಕಿಂತ ಹಿರಿದು ಎಂಬುದನ್ನೂ ಮರೆಯುವಂತಿಲ್ಲ.

ಇಂದಿನ ನಿದರ್ಶನಗಳು

‘ಸಿ’ ವರ್ಗದ ರಾಜ್ಯಗಳು ಅಳಿದರೂ ಆ ಬಗೆಯ ಆಡಳಿತವು ನಮ್ಮ ದೇಶದಿಂದ ಮರೆಯಾಗಿಲ್ಲ. ಕೇಂದ್ರಾಡಳಿತ ಪ್ರದೇಶಗಳಾದ ಪುದುಚೇರಿ, ದೆಹಲಿಗಳಿಗೆ ವಿಧಾನಸಭೆಗಳಿವೆ. 2019ರಲ್ಲಿ ಜಮ್ಮು ಮತ್ತು ಕಾಶ್ಮೀರವೂ ವಿಧಾನಸಭೆಯುಳ್ಳ ಕೇಂದ್ರಾಡಳಿತ ಪ್ರದೇಶವಾಯಿತು. ಮಂಗಳೂರಿನಿಂದ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಹೋದರೆ ಕೇರಳದ ನಡುವೆ ಸಿಗುವ ಮಾಹೆ ಎಂಬ ಪುಟ್ಟ ಪಟ್ಟಣವು ಪುದುಚೇರಿಗೆ ಸೇರಿದುದು. ದೂರದ ಆ ವಿಧಾನಸಭೆಗೆ ಅದು ಒಬ್ಬ ಸದಸ್ಯರನ್ನು ಆರಿಸಿ ಕಳುಹಿಸುತ್ತದೆ. ದೆಹಲಿಗೆ 1991ರ ಸಂವಿಧಾನ ತಿದ್ದುಪಡಿಯ ಮೂಲಕ ವಿಧಾನಸಭೆ ದೊರೆತಾಗ, ಉಪರಾಜ್ಯಪಾಲರಿಗೂ ಮಂತ್ರಿಗಳಿಗೂ ಭಿನ್ನಾಭಿಪ್ರಾಯ ಬಂದರೆ ವಿಷಯವನ್ನು ರಾಷ್ಟ್ರಪತಿಗಳಿಗೆ ಒಪ್ಪಿಸಬೇಕೆಂಬ ನಿಯಮವು ಅಲ್ಲಿಯೂ ಸೇರಿತು. 1951ರ ಕಾಯಿದೆಯ ಮಾತೇ ನಾಲ್ಕು ದಶಕಗಳ ಅನಂತರ ಮತ್ತೆ ಕಾಣಿಸಿಕೊಂಡಿತು.

ಆದುದರಿಂದ ಯಾವುದೇ ಸರ್ಕಾರದ ಸ್ವರೂಪವನ್ನು ಅರಿಯಬೇಕಾದರೆ ಅದರ ಹೆಸರನ್ನಷ್ಟೇ ನೋಡಿದರೆ ಸಾಲದು. ಸಭೆಯನ್ನು ಚುನಾಯಿಸುವವರು ಯಾರು? ಆಳುವವರನ್ನು ನೇಮಿಸುವವರು ಯಾರು, ಇಳಿಸಬಲ್ಲವರು ಯಾರು? ಖರ್ಚಿಗೆ ಒಪ್ಪಿಗೆ ಕೊಡುವವರು ಯಾರು? ಭಿನ್ನಾಭಿಪ್ರಾಯ ಬಂದಾಗ ಕಡೆಯ ಮಾತು ಯಾರದು? ಈ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಇವುಗಳನ್ನು ರಾಜ್ಯಕ್ಕೆ ಮಾತ್ರವಲ್ಲದೆ ನಮ್ಮ ಗ್ರಾಮ ಪಂಚಾಯತಿಗೂ ನಗರಸಭೆಗೂ ಹಾಕಿ ನೋಡಬಹುದು. ಅಲ್ಲಿಯೂ ಜನರು ಚುನಾಯಿಸಿದ ಸದಸ್ಯರ ಸಭೆಯೊಂದಿದೆ; ಅದರ ತೀರ್ಮಾನಗಳನ್ನು ನಡೆಸಲು ರಾಜ್ಯ ಸರ್ಕಾರವು ನೇಮಿಸಿದ ಅಧಿಕಾರಿಯೊಬ್ಬರಿದ್ದಾರೆ. ಇಂದು ಈ ಪಾಠವನ್ನು ಓದುವವರು ಇನ್ನು ಕೆಲವೇ ವರ್ಷಗಳಲ್ಲಿ ಮತದಾರರಾಗುವರು. ಮತಗಟ್ಟೆಗೆ ಹೋಗುವ ಮುನ್ನ ಈ ಪ್ರಶ್ನೆಗಳಿಗೆ ಉತ್ತರವನ್ನು ತಿಳಿದಿರುವುದು ಒಳಿತು.

ಅಭ್ಯಾಸ

ಅ. ಪದಗಳ ಅರ್ಥ

ಪದಚ್ಯುತ – ಅಧಿಕಾರದಿಂದ ಇಳಿಸಲ್ಪಟ್ಟ
ಗೊತ್ತುವಳಿ – ಸಭೆಯ ಮುಂದಿಡುವ ನಿರ್ಣಯ
ಆಯವ್ಯಯ – ಸರ್ಕಾರದ ವರಮಾನ ಮತ್ತು ವೆಚ್ಚಗಳ ಅಂದಾಜು
ಸಮವರ್ತಿಪಟ್ಟಿ – ಕೇಂದ್ರ, ರಾಜ್ಯಗಳೆರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ
ಅಂಕಿತ – ಒಪ್ಪಿಗೆಯ ಸಹಿ
ಹುರುಳು – ಸತ್ತ್ವ, ತಿರುಳು

ಆ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ

1. ಕೊಡಗಿಗೆ ಶಾಸನ ಪರಿಷತ್ತು ಯಾವ ವರ್ಷ ದೊರೆಯಿತು?
2. ಕೊಡಗಿನ ವಿಧಾನಸಭೆಯಲ್ಲಿ ಎಷ್ಟು ಸ್ಥಾನಗಳಿದ್ದವು?
3. 1952ರಲ್ಲಿ ತೊಕ್ಕೊಟ್ಟು ಯಾವ ರಾಜ್ಯಕ್ಕೆ ಸೇರಿತ್ತು?

ಇ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ

1. 1924ರ ಪರಿಷತ್ತಿಗೂ 1952ರ ವಿಧಾನಸಭೆಗೂ ಇದ್ದ ಮುಖ್ಯ ವ್ಯತ್ಯಾಸಗಳೇನು?
2. ರಾಜ್ಯಪಾಲರಿಗೂ ಚೀಫ್ ಕಮಿಷನರರಿಗೂ ಅಧಿಕಾರದಲ್ಲಿದ್ದ ಅಂತರವನ್ನು ವಿವರಿಸಿರಿ.
3. ವಿಲೀನದ ಪರ ಮತ್ತು ವಿರೋಧ ವಾದಗಳಲ್ಲಿ ನಿಮಗೆ ಯಾವುದು ಒಪ್ಪಿಗೆಯಾಗುತ್ತದೆ? ಕಾರಣ ಕೊಡಿರಿ.

ಈ. ಮಾಡಿ ನೋಡಿರಿ

ನಿಮ್ಮ ಊರಿನ ಪಂಚಾಯತಿ ಅಥವಾ ನಗರಸಭೆಗೆ ಭೇಟಿ ಕೊಟ್ಟು, ಪಾಠದ ಕೊನೆಯಲ್ಲಿರುವ ನಾಲ್ಕು ಪ್ರಶ್ನೆಗಳಿಗೆ ಅಲ್ಲಿ ದೊರೆಯುವ ಉತ್ತರಗಳನ್ನು ಬರೆದುಕೊಂಡು ಬಂದು ತರಗತಿಯಲ್ಲಿ ಚರ್ಚಿಸಿರಿ.